ಸಹಾಯ ಬೇಕು: ರಂಗದ ಮೇಲೆ ಅರ್ಧ ಟನ್ ಥಿಯೊಡೊಲೈಟ್

ನಮಸ್ಕಾರ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನೆಲ ಅಳೆದು ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ನಾಂದಿ ಹಾಡಿದ ವಿಲಿಯಂ ಲ್ಯಾಂಬ್ಟನ್ ಬಗ್ಗೆ ನಮ್ಮ ಹವ್ಯಾಸಿ ತಂಡ ಸಂಗೀತ ನಾಟಕ ಕಟ್ಟುತ್ತಿದೆ. ಹಾಡುಗಳು ಸಿದ್ಧ, ನೆಲ ಅಳೆಯುವ ಸರಪಳಿ ಎಳೆಯುವವರ ಮೇಳವಂತೂ ಸೊಗಸಾಗಿ ಕೂತಿದೆ.

ತೊಡಕಿರೋದು ಥಿಯೊಡೊಲೈಟಿನದು, ಅಂದರೆ ಸರ್ವೆಯಲ್ಲಿ ಕೋನ ಅಳೆಯುವ ಉಪಕರಣದ್ದು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಅದು ಗೋಡೆಗೆ ಬಡಿಯಿತು. ಲ್ಯಾಂಬ್ಟನ್ ತಾವೇ ಕೂತು ವಾರಗಟ್ಟಲೆ ರಿಪೇರಿ ಮಾಡಿದರು. ನಾಟಕದ ಜೀವವೇ ಆ ದೃಶ್ಯ, ಬಿಡೋಕಾಗಲ್ಲ. ಥರ್ಮಾಕೋಲಿನಲ್ಲಿ ಮಾಡಿದ್ದು ಆಟಿಕೆ ಥರ ಕಾಣ್ತಿದೆ (ನಿರ್ದೇಶಕರಿಗೆ ಮಾತ್ರ ಇಷ್ಟ!).

ಅದರ 36 ಅಂಗುಲದ ಅಳತೆ ಚಕ್ರ ಹಗುರವಾಗಿರಬೇಕು, ಪ್ರತಿ ಪ್ರದರ್ಶನದಲ್ಲೂ ಏಟು ತಡೆಯಬೇಕು, ಹಿಂದಿನ ಸಾಲಿನವರಿಗೂ ಭಾರ ಅನ್ನಿಸಬೇಕು. ರಂಗಪರಿಕರ ಮಾಡಿ ಅನುಭವ ಇರುವವರು ಯಾವ ಸಾಮಗ್ರಿ ಬಳಸ್ತೀರಿ? ಹಿತ್ತಾಳೆ ಬಣ್ಣ ಬರಿಸೋದು ಹೇಗೆ? ದಯವಿಟ್ಟು ತಿಳಿಸಿ.