ಧಾತು ಸಂವತ್ಸರದ ವಹಿಯಲ್ಲಿ ‘ಊರು ಬಿಟ್ಟ’ ಅಂದರೆ ಏನು?

ಖಣದ ಮನೆ ಮಗಳು, ಬಾಗಲಕೋಟೆ:

ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದೆವು. ಆಗ ಅವ್ವ ಹಟ ಹಿಡಿದು ತಂದಿದ್ದ ಟ್ರಂಕನ್ನು ಮೊನ್ನೆ ತೆಗೆದೆ. ಒಳಗೆ ನಮ್ಮ ಮುತ್ತಜ್ಜನ ಅಪ್ಪ ಬರೆದ ಲೆಕ್ಕದ ವಹಿಗಳು. ಕೆಂಪು ಬಟ್ಟೆಯ ರಟ್ಟು, ದಾರದ ಹೊಲಿಗೆ. ಮೊದಲ ಹಾಳೆಯಲ್ಲಿ ‘ಶ್ರೀ’, ಅದರ ಸುತ್ತ ಪೂಜೆಯ ಅರಿಶಿನ ಇನ್ನೂ ಮಾಸಿಲ್ಲ.

ಅವರದು ಖಣದ, ಅಂದರೆ ರವಿಕೆ ಬಟ್ಟೆಯ ವ್ಯಾಪಾರ. ಗುಳೇದಗುಡ್ಡದ ನೇಕಾರರಿಗೆ ನೂಲು ಕೊಡುವುದು, ನೇಯ್ದ ಖಣ ತಗೊಂಡು ಸೊಲ್ಲಾಪುರಕ್ಕೆ ಕಳಿಸುವುದು. ಅಂಗಡಿ ಲೆಕ್ಕ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿದೆ, ನನಗೆ ಓದಲು ಬರಲ್ಲ. ಹಿಂದಿನ ಹಾಳೆಗಳಲ್ಲಿ ಮಾತ್ರ ಮನೆ ಖರ್ಚು, ನೇಕಾರರ ಬಾಕಿ ಕನ್ನಡದಲ್ಲೇ ಇದೆ. ‘ಸೂಲಗಿತ್ತಿಗೆ 1 ರೂಪಾಯಿ, ಸೀರೆ ಒಂದು.’ ‘ದೊಡ್ಡ ಮಗಳ ಕುಬಸ, ಖಣ 5.’ ಕುಬಸ ಅಂದರೆ ಬಸುರಿಗೆ ಮಾಡುವ ಶಾಸ್ತ್ರ. ಸ್ವಂತ ಅಂಗಡಿಯಿಂದ ತಂದ ಆ ಐದು ಖಣಕ್ಕೂ ಬೆಲೆ ಹಾಕಿ ಮನೆ ಖರ್ಚಿಗೆ ಬರೆದಿದ್ದಾರೆ. ಅದನ್ನು ಓದಿದಾಗ ಆ ಮನುಷ್ಯ ಎದುರಿಗೇ ಕೂತ ಹಾಗೆ ಆಯ್ತು.

ಶಕ 1798ರ ವಹಿಯಲ್ಲಿ ಹನ್ನೊಂದು ನೇಕಾರರ ಹೆಸರಿವೆ. ಏಳು ಹೆಸರಿನ ಮುಂದೆ ‘ಊರು ಬಿಟ್ಟ’ ಅಂತಿದೆ. ಆ ಬಾಕಿಗಳನ್ನು ಹೊಡೆದು ಹಾಕಿಲ್ಲ. ಮುಂದಿನ ವಹಿಗೂ ತಂದಿಲ್ಲ. ಇದರ ಅರ್ಥ ಏನು? ಮೊತ್ತದ ಪಕ್ಕ 3।। ಅಂತ ಗೀಟುಗಳೂ ಇವೆ.

ಹಳೇ ಗುಮಾಸ್ತ, ಬೆಳಗಾವಿ:

ತಂಗಿ, ನಿಂತ ಗೀಟು ಒಂದಕ್ಕೆ ನಾಲ್ಕಾಣೆ. ಎರಡು ಗೀಟು ಅಂದರೆ ಎಂಟಾಣೆ. ಹಾಗಾಗಿ ಅದು ಮೂರೂವರೆ ರೂಪಾಯಿ.

ದೀಪಾವಳಿ ಪಾಡ್ಯಕ್ಕೆ ಹೊಸ ವಹಿ ಶುರುವಾದಾಗ ಬರಬೇಕಾದ ಬಾಕಿಯನ್ನು ಅದಕ್ಕೆ ಎಳೆದುಕೊಳ್ಳುತ್ತಾರೆ. ಎಳೆದಿಲ್ಲ ಅಂದರೆ ಕೇಳುವುದನ್ನು ಬಿಟ್ಟಿದ್ದಾರೆ. ಆದರೆ ಹೆಸರು ಹೊಡೆದು ಹಾಕಿದರೆ ಹಣ ಮುಟ್ಟಿತು ಅಂತ ಆಗುತ್ತದೆ. ಮುಟ್ಟದ್ದನ್ನು ಮುಟ್ಟಿತು ಅಂತ ಬರೆಯುವ ಕೈ ಅದಲ್ಲ. ನಾನು ದುಡಿದ ಅಡತಿ ಅಂಗಡಿಯಲ್ಲೂ ಹೀಗೇ ಇತ್ತು.

ಇತಿಹಾಸದ ಮೇಷ್ಟ್ರು, ವಿಜಯಪುರ:

ಶಕಕ್ಕೆ 78 ಕೂಡಿಸಿ, 1876 ಬರುತ್ತದೆ. ಧಾತು ಸಂವತ್ಸರ. ಆ ವರ್ಷ ಮಳೆ ಕೈಕೊಟ್ಟು 1878ರವರೆಗೆ ಎಳೆದ ದೊಡ್ಡ ಬರ ಅದು. ನಿಮ್ಮ ಊರು ಆಗ ಕಲಾದಗಿ ಜಿಲ್ಲೆಯಲ್ಲಿತ್ತು, ಆ ಜಿಲ್ಲೆಗೆ ಏಟು ಜೋರಾಗೇ ಬಿತ್ತು.

ನೇಕಾರರಿಗೆ ಬರ ಎಲ್ಲರಿಗಿಂತ ಮೊದಲೇ ತಟ್ಟುತ್ತದೆ. ಜೋಳ ತುಟ್ಟಿಯಾದ ಕೂಡಲೇ ಜನ ಬಟ್ಟೆ ಕೊಳ್ಳುವುದನ್ನು ನಿಲ್ಲಿಸುತ್ತಾರೆ. ನೇಕಾರನ ಮನೆಯ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಕಾಳು ಇರಲ್ಲ. ಖಣ ಹೋದರೆ ಜೋಳ ಬಂತು, ಇಲ್ಲದಿದ್ದರೆ ಇಲ್ಲ. ಹೊರಗಿನಿಂದ ಕಾಳು ತರಿಸೋಣ ಅಂದರೆ ಇಲ್ಲಿಗೆ ರೈಲೂ ಇರಲಿಲ್ಲ. ಸೊಲ್ಲಾಪುರಕ್ಕೆ 1860ರಲ್ಲೇ ಬಂದಿತ್ತು, ಅದರ ಹತ್ತಿರದ ಹೊಟಗಿಯಿಂದ ಬಾಗಲಕೋಟೆ ಮೇಲೆ ಗದಗಕ್ಕೆ ಹೋಗುವ ದಾರಿ ಆಗಿದ್ದು 1884ರಲ್ಲಿ. ಅಲ್ಲಿಯವರೆಗೆ ಎಲ್ಲಾ ಎತ್ತಿನ ಗಾಡಿಯಲ್ಲೇ. ಮೇವಿಲ್ಲದೆ ಎತ್ತುಗಳೇ ಸತ್ತರೆ ಗಾಡಿ ಎಳೆಯುವುದು ಯಾವುದು?

ಹಾಗಾಗಿ ಆ ಏಳು ಮನೆಯವರು ಗುಳೆ ಹೋಗಿದ್ದಾರೆ. ಕುಣಿಮಗ್ಗದ ಕುಣಿ ನೆಲದಲ್ಲಿ ತೋಡಿದ್ದು, ಅದನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ ನೋಡಿ. ಹಾಗಾಗಿ ಕೆಲವರು ಮರಳಿ ಬಂದಿರಬಹುದು. ಮಳೆ ಆದ ಮೇಲಿನ ವಹಿಗಳಲ್ಲಿ ಅದೇ ಹೆಸರು ಮತ್ತೆ ಬಂದಿವೆಯಾ ಹುಡುಕಿ.

ಖಣದ ಮನೆ ಮಗಳು:

ಸರ್, ರಾತ್ರಿ ಒಂದು ಗಂಟೆಯವರೆಗೆ ಹುಡುಕಿದೆ. ಶಕ 1801ರ ವಹಿಯಲ್ಲಿ ಎರಡು ಹೆಸರು ಸಿಕ್ಕವು! ಒಂದರ ಮುಂದೆ ‘ಹೊಸ ಲೆಕ್ಕ. ನೂಲು ಕೊಟ್ಟೆ’ ಅಂತಿದೆ. ಹಳೇ ಬಾಕಿ 3।। ಇತ್ತಲ್ಲ, ಅದರ ಮಾತೇ ಇಲ್ಲ. ಅವ್ವನಿಗೆ ಎಬ್ಬಿಸಿ ತೋರಿಸಿದೆ. ಅವಳು ಆ ಹಾಳೆಯ ಮೇಲೆ ಕೈಯಿಟ್ಟು ಸುಮ್ನೆ ಕೂತಳು.

ಉಳಿದ ಐದು ಹೆಸರು ಇನ್ನೂ ಸಿಕ್ಕಿಲ್ಲ. ಅಂಗಡಿ ಲೆಕ್ಕದಲ್ಲಿ ಇರಬಹುದು. ಮೋಡಿ ಓದಲು ಬರುವವರು ಬೆಳಗಾವಿ ಕಡೆ ಯಾರಾದರೂ ಇದ್ದರೆ ಹೇಳಿ. ಟ್ರಂಕ್ ಸಮೇತ ನಾನೇ ಬರ್ತೇನೆ.