ಪದ ಬೇಕು: ಜಪಾನಿನ ‘ಟೈಪ್ 11’ ಲೈಟ್ ಮಷಿನ್ ಗನ್

ಎಲ್ಲರಿಗೂ ನಮಸ್ಕಾರ. ಚೀನಾ–ಜಪಾನ್ ಯುದ್ಧದ ಪುಸ್ತಕವೊಂದರ ಅನುವಾದ ಮುಗಿದಿದೆ, ಚಿತ್ರಗಳ ಅಡಿಬರಹ ಬಾಕಿ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದು ಚಿತ್ರದಲ್ಲಿ ಕಿಜಿರೊ ನಂಬು ರೂಪಿಸಿದ ಟೈಪ್ 11 ಇದೆ. ‘ಹಗುರ ಯಂತ್ರಕೋವಿ’ ಎಂದು ಹಾಕಿದ್ದೇನೆ, ಸರಿಯೇ? ಇನ್ನೊಂದು: ಇದಕ್ಕೆ ಮ್ಯಾಗಜೀನ್ (ಸಿಕ್ಕಿಸುವ ಗುಂಡಿನ ಡಬ್ಬಿ) ಇಲ್ಲ, ಎಡಮಗ್ಗುಲಲ್ಲಿ ಹಾಪರ್, ಅಂದರೆ ಗುಂಡು ತುಂಬುವ ಪೆಟ್ಟಿಗೆ, ಇದೆ. ರೈಫಲ್ಲಿನ ಐದು ಗುಂಡಿನ ಕ್ಲಿಪ್ಪುಗಳನ್ನೇ ಆರು ಅದರೊಳಗೆ ಮಲಗಿಸಿ ಪೇರಿಸುತ್ತಾರೆ. ಮೇಲಿಂದ ಸ್ಪ್ರಿಂಗಿನ ಮುಚ್ಚಳ ಒತ್ತುತ್ತದೆ, ಖಾಲಿ ಕ್ಲಿಪ್ಪು ಉದುರುತ್ತದೆ. ಇದಕ್ಕೆ ಏನೆನ್ನೋಣ?

———

‘ಯಂತ್ರಕೋವಿ’ ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಅರಿಸಮಾಸ. ತೆಗೆಯಿರಿ.

———

> ಅರಿಸಮಾಸ. ತೆಗೆಯಿರಿ.

ಮೇಷ್ಟ್ರೇ, ಹಳೆಗನ್ನಡ ವ್ಯಾಕರಣ ಬರೆದ ಕೇಶಿರಾಜ ಮಷಿನ್ ಗನ್ ಕಂಡಿರಲಿಲ್ಲ. ಆದರೂ ‘ಯಂತ್ರ’ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಬಂದೂಕು ಅರಬ್ಬಿಯ ಕಡೆಯಿಂದ ಬಂತು, ತುಪಾಕಿ ತುರ್ಕಿಯಿಂದ. ಕೋವಿ ಒಂದೇ ನಮ್ಮದು, ಮೂಲದಲ್ಲಿ ಕೊಳವೆ ಎಂದರ್ಥ. ಕೊಡಗಿನಲ್ಲಿ ಇವತ್ತಿಗೂ ಅದೇ ಮಾತು. ನಿಮಿಷಕ್ಕೆ ಸುಮಾರು 500 ಗುಂಡು ಸುರಿಯುತ್ತದಲ್ಲ, ‘ಸುರಿಗೋವಿ’ ಅನ್ನಿ. ಆದೇಶಸಂಧಿಯೂ ಆಯಿತು. ಹಾಪರ್‌ಗೆ ‘ಆಲಿಕೆ’.

———

ಸುರಿಗೋವಿ! ಓದುಗರು ಸುರಗಿ ಕತ್ತಿಯ ತಮ್ಮ ಅಂದುಕೊಂಡಾರು. ಪತ್ರಿಕೆಗಳು ಮಷಿನ್ ಗನ್ ಅಂತಲೇ ಬರೆಯುತ್ತವೆ, ಯಾರಿಗೂ ಅಜೀರ್ಣವಾಗಿಲ್ಲ.

———

ಕೋವಿಯೋ ಗನ್ನೋ ಆಮೇಲೆ ನೋಡೋಣ, ಮೊದಲು ಆ 11 ಸರಿಮಾಡಿ. ಇದು ಹನ್ನೊಂದನೆಯ ಮಾದರಿ ಅಲ್ಲ. ತೈಶೋ ಚಕ್ರವರ್ತಿಯ 11ನೇ ವರ್ಷ, ಅಂದರೆ 1922. ಜಪಾನಿ ಹೆಸರು ‘ಜೂಇಚಿ ನೆನ್ ಶಿಕಿ’, ನೆನ್ ಎಂದರೆ ವರ್ಷ. ಇದರ ಜಾಗಕ್ಕೆ 1936ರಲ್ಲಿ ಬಂದದ್ದು ಟೈಪ್ 96. ಅಷ್ಟರಲ್ಲಿ ಅವರು ಪುರಾಣದ ಮೊದಲ ಚಕ್ರವರ್ತಿ ಜಿಮ್ಮುವಿನ ಶಕೆ ಹಿಡಿದಿದ್ದರು, ಆ ಲೆಕ್ಕಕ್ಕೆ 1936 ಅಂದರೆ 2596, ಅದರ ಕೊನೆಯ ಎರಡಂಕಿಯೇ 96. ಬರೀ ‘ಮಾದರಿ 11’ ಎಂದರೆ ಓದುಗ ನಡುವಿನ 84 ಮಾದರಿ ಎಲ್ಲಿ ಅಂತ ಹುಡುಕುತ್ತಾನೆ.

ಆಲಿಕೆ ಆಗದು. ಆಲಿಕೆಗೆ ಮೇಲೆ ಅಗಲ, ಕೆಳಗೆ ಸಪೂರ, ಇದು ಪೆಟ್ಟಿಗೆ. ‘ಗುಂಡುತೊಟ್ಟಿ’ ಅನ್ನಬಹುದು. ಈ ಗನ್ನಿನ ಗೋಳು ಇದ್ದದ್ದೇ ಅಲ್ಲಿ: ಗುಂಡು ಸಲೀಸಾಗಿ ಜಾರಲಿ ಅಂತ ಒಳಗೊಂದು ಎಣ್ಣೆಡಬ್ಬಿ, ತೊಟ್ಟಿಯೊಳಕ್ಕೆ ಬಿದ್ದ ಧೂಳು ಆ ಎಣ್ಣೆಗೆ ಮೆತ್ತಿ ಗನ್ನು ಕಚ್ಚಿಕೊಳ್ಳುತ್ತಿತ್ತು. ತೊಟ್ಟಿ ತಮಿಳಿನದು ಅಂತ ಯಾರೂ ಹೊರಡಬೇಡಿ.

———

> ತೈಶೋ ಚಕ್ರವರ್ತಿಯ 11ನೇ ವರ್ಷ

ನಮಗದು ದುಂದುಭಿ ಸಂವತ್ಸರ. ಯುದ್ಧದ ಸಾಮಾನಿಗೆ ಹೇಳಿಮಾಡಿಸಿದ ಹೆಸರು! ಅಲ್ಲ, ಮಷಿನ್ ಗನ್ನಿಗೆ ಜಪಾನಿಯರ ‘ಕಿಕಾನ್‌ಜೂ’ ನೋಡಿ. ಇಂಗ್ಲಿಷ್ ಪದ ಎತ್ತಿಕೊಳ್ಳದೆ ತಾವೇ ಕಟ್ಟಿಕೊಂಡರು. ನಾವು ಮಾತ್ರ ಕೈಚಾಚಿಕೊಂಡೇ ಇರಬೇಕೆ?

———

ಕಟ್ಟಿದ್ದು ಚೀನೀ ಮೂಲದ ಅಕ್ಷರಗಳಿಂದ. ಅದು ಸಾಲ ಅಲ್ಲವೋ?

———

ಚೀನಾದವರು ಇದರ ಬಲಕ್ಕೆ ಬಾಗಿದ ಮರದ ಹಿಡಿ ನೋಡಿ ‘ಸೊಟ್ಟಹಿಡಿ’ ಎಂದೇ ಕರೆದರು. ಅವರಿಗೆ ಪದಸಮಿತಿ ಬೇಕಾಗಲಿಲ್ಲ.

———

ಎಲ್ಲರಿಗೂ ಧನ್ಯವಾದ. ಅಡಿಬರಹ ಕಳಿಸಿಬಿಟ್ಟೆ: ‘ತೈಶೋ 11ನೇ ವರ್ಷದ (1922) ಹಗುರ ಮಷಿನ್ ಗನ್. ಎಡಕ್ಕೆ ಗುಂಡುತೊಟ್ಟಿ.’

———

ಮಷಿನ್ ಗನ್ ಅಂತಲೇ ಹಾಕುವುದಾದರೆ ನಮ್ಮನ್ನು ಕೇಳಿದ್ದು ಯಾಕೆ?