ನೆವಾರ್ಕ್ ವಿಮಾನಗಳನ್ನು ಫಿಲಡೆಲ್ಫಿಯಾದಿಂದ ನಿಯಂತ್ರಿಸುತ್ತಾರಂತೆ, ಹೋಗಬಹುದೇ?

ಪ್ರಶ್ನೆ (ಮಾಟುಂಗದಿಂದ)

ಎಲ್ಲರಿಗೂ ನಮಸ್ಕಾರ. ಮಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಮುಂದಿನ ತಿಂಗಳು ಮುಂಬೈಯಿಂದ ನೆವಾರ್ಕ್‌ಗೆ ನೇರ ವಿಮಾನದಲ್ಲಿ ಒಬ್ಬಳೇ ಹೊರಟಿದ್ದೇನೆ. ಅಲ್ಲಿನ ಕಂಟ್ರೋಲ್ ರೂಮಿನ ಒಂದು ಭಾಗವನ್ನು ಬೇರೆ ಊರಿಗೆ ಎತ್ತಿಹಾಕಿದರು, ಆಮೇಲೆ ರಾಡಾರ್ ಪರದೆಗಳೇ ಕಪ್ಪಾದವು, ದೊಡ್ಡ ಗಲಾಟೆಯಾಯಿತು ಎಂದು ಅಳಿಯಂದಿರು ಹೇಳಿದರು. ಹೇಳಿ ಅವರು ನಿದ್ದೆ ಮಾಡಿದರು, ನನಗೆ ನಿದ್ದೆ ಇಲ್ಲ. ಟಿಕೆಟ್ ಬದಲಿಸಿ ನ್ಯೂಯಾರ್ಕಿನ ಜೆ.ಎಫ್.ಕೆ.ಗೆ ಹೋಗಲೇ? ನಮ್ಮ ಗುಂಪಿನಲ್ಲಿ ಈ ಕೆಲಸ ಮಾಡಿ ನಿವೃತ್ತರಾದವರು ಇದ್ದಾರಲ್ಲ, ಅವರೇ ಹೇಳಬೇಕು.

ಉತ್ತರ (ವಿಮಾನ ಸಂಚಾರ ನಿಯಂತ್ರಿಸುತ್ತಿದ್ದ ನಿವೃತ್ತ ಕಂಟ್ರೋಲರ್, ವಿಲೇಪಾರ್ಲೆ)

ಟಿಕೆಟ್ ಬದಲಿಸಬೇಡಿ ಅಕ್ಕ. ಬಾಣಂತನದ ಸಾಮಾನು ಕಟ್ಟಿಕೊಳ್ಳಿ, ವಿಮಾನದ ಚಿಂತೆ ಬಿಡಿ. ಆದರೆ ಅಳಿಯಂದಿರು ಹೇಳಿದ್ದು ಸುಳ್ಳಲ್ಲ.

ವಿಮಾನ ನಿಲ್ದಾಣದ ಎತ್ತರದ ಗೋಪುರದಲ್ಲಿ ಕುಳಿತವರು ರನ್‌ವೇ ಮತ್ತು ಅದರ ಸುತ್ತಲಿನ ಕೆಲವು ಮೈಲಿಗಳನ್ನು ಮಾತ್ರ ನೋಡಿಕೊಳ್ಳುತ್ತಾರೆ. ಇಳಿಯಲು ಬರುವ ವಿಮಾನಗಳನ್ನು ದೂರದಿಂದಲೇ ಸಾಲು ಹಿಡಿಸುವುದು ಅಪ್ರೋಚ್ ವಿಭಾಗದ ಕೆಲಸ. ಅವರಿಗೆ ಕಿಟಕಿ ಬೇಕಿಲ್ಲ, ಕತ್ತಲ ಕೋಣೆಯಲ್ಲಿ ರಾಡಾರ್ ಪರದೆಯ ಮುಂದೆ ಕುಳಿತಿರುತ್ತಾರೆ. ಜೆ.ಎಫ್.ಕೆ., ಲಾಗಾರ್ಡಿಯಾ, ನೆವಾರ್ಕ್ ಈ ಮೂರು ವಿಮಾನ ನಿಲ್ದಾಣಗಳ ಅಪ್ರೋಚ್ ಕೆಲಸವೂ ಲಾಂಗ್ ಐಲ್ಯಾಂಡ್‌ನ ವೆಸ್ಟ್‌ಬರಿಯಲ್ಲಿರುವ ಒಂದೇ ಕಟ್ಟಡದಿಂದ ನಡೆಯುತ್ತಿತ್ತು. ಅಲ್ಲಿ ಜನ ಸಾಲುತ್ತಿರಲಿಲ್ಲ. ಬೇಕಾದ ಸಂಖ್ಯೆಯ ಶೇ. 54ರಷ್ಟು ಕಂಟ್ರೋಲರ್‌ಗಳು ಮಾತ್ರ ಇದ್ದಾರೆ ಎಂದು 2023ರಲ್ಲಿ ಸರ್ಕಾರದ್ದೇ ತಪಾಸಣಾ ವರದಿ ಹೇಳಿತ್ತು. ಬಾಡಿಗೆ ವಿಪರೀತ, ಕೆಲಸ ಅದಕ್ಕಿಂತ ವಿಪರೀತ. ಕಲಿಯಲು ಬಂದವರಲ್ಲಿ ಅನೇಕರು ದಡ ಸೇರುತ್ತಿರಲಿಲ್ಲ. ಆದ್ದರಿಂದ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್.ಎ.ಎ., 2024ರ ಜುಲೈಯಲ್ಲಿ ನೆವಾರ್ಕ್ ಭಾಗವನ್ನಷ್ಟೇ ಬಿಡಿಸಿ ಫಿಲಡೆಲ್ಫಿಯಾಕ್ಕೆ ಒಯ್ದಿತು.

ಒಯ್ದದ್ದು ಕುರ್ಚಿ ಮತ್ತು ಜನರನ್ನು. ರಾಡಾರ್ ಮಾಹಿತಿಯನ್ನು ಸಂಸ್ಕರಿಸುವ ಯಂತ್ರ ವೆಸ್ಟ್‌ಬರಿಯಲ್ಲೇ ಉಳಿಯಿತು. ಅಲ್ಲಿಂದ ಸುಮಾರು 170 ಕಿ.ಮೀ. ದೂರದ ಫಿಲಡೆಲ್ಫಿಯಾಕ್ಕೆ ಮಾಹಿತಿ ಹರಿಯುತ್ತಿದ್ದ ದಾರಿಯಲ್ಲಿ ಹಳೆಯ ತಾಮ್ರದ ತಂತಿಯೂ ಇತ್ತು. ಗೋರೆಗಾಂವ್‌ಗೆ ಮನೆ ಬದಲಿಸಿ, ನೀರಿನ ಕೊಳಾಯಿಯನ್ನು ಮಾತ್ರ ಮಾಟುಂಗದಿಂದ ಎಳೆದುಕೊಂಡ ಹಾಗೆ. 2025ರ ಏಪ್ರಿಲ್ 28ರ ಮಧ್ಯಾಹ್ನ ಆ ಕೊಳಾಯಿ ನಿಂತಿತು. ಸುಮಾರು 90 ಸೆಕೆಂಡುಗಳ ಕಾಲ ರಾಡಾರೂ ಇಲ್ಲ, ಪೈಲಟ್‌ಗಳ ಜೊತೆ ಮಾತೂ ಇಲ್ಲ. ಮೇ 9ರ ನಸುಕಿನಲ್ಲಿ ಮತ್ತೆ ಅಷ್ಟೇ ಹೊತ್ತು.

ಮರುಪ್ರಶ್ನೆ (ಥಾಣೆಯಿಂದ)

ಸರ್, ಒಂದೂವರೆ ನಿಮಿಷಕ್ಕೆ ಇಷ್ಟು ಗದ್ದಲವೇ? ನಮ್ಮ ಲೋಕಲ್ ರೈಲು ಕುರ್ಲಾ ಹೊರಗೆ ಸುಮ್ಮನೆ ಹತ್ತು ನಿಮಿಷ ನಿಲ್ಲುತ್ತದೆ.

ಉತ್ತರ

ಲೋಕಲ್ ನಿಲ್ಲುತ್ತದೆ ತಮ್ಮ, ವಿಮಾನ ನಿಲ್ಲುವುದಿಲ್ಲ. ವ್ಯತ್ಯಾಸ ಇರುವುದೇ ಅಲ್ಲಿ. ಹತ್ತು ಸಾವಿರ ಅಡಿಗಿಂತ ಕೆಳಗೆ ವಿಮಾನದ ವೇಗದ ಮಿತಿ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿಲೋಮೀಟರ್. ಆ ವೇಗದಲ್ಲಿ 90 ಸೆಕೆಂಡಿಗೆ ಹನ್ನೊಂದೂವರೆ ಕಿಲೋಮೀಟರ್ ಆಗುತ್ತದೆ. ಅಂದರೆ ಅಂಧೇರಿಯಿಂದ ದಾದರ್. ಅಪ್ರೋಚ್‌ನಲ್ಲಿ ಒಂದೇ ಎತ್ತರದ ಎರಡು ವಿಮಾನಗಳ ನಡುವೆ ನಾವು ಇಡುವ ಅಂತರ ಸಾಮಾನ್ಯವಾಗಿ ಮೂರು ನಾಟಿಕಲ್ ಮೈಲಿ, ಐದೂವರೆ ಕಿಲೋಮೀಟರ್. ಈಗ ನೀವೇ ಲೆಕ್ಕ ಹಾಕಿ.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಒಂದು ಊರಿನಲ್ಲಿ (ಹೆಸರು ಬೇಡ), ಸಂಜೆ ಶಿಫ್ಟಿನಲ್ಲಿ ನನ್ನ ಪರದೆ ಕಪ್ಪಾಯಿತು. ನಲವತ್ತು ಸೆಕೆಂಡು ಇರಬಹುದು. ಐದು ವಿಮಾನಗಳಿದ್ದವು. ಎದುರಿಗೆ ಸಾಲಾಗಿ ಜೋಡಿಸಿದ್ದ ಕಾಗದದ ಪಟ್ಟಿಗಳ ಮೇಲೆ, ಸ್ಟ್ರಿಪ್ ಎನ್ನುತ್ತೇವೆ, ಪ್ರತಿ ವಿಮಾನಕ್ಕೂ ಕೊಟ್ಟ ಎತ್ತರವನ್ನು ನನ್ನ ಕೈಯಲ್ಲೇ ಬರೆದಿದ್ದೆ. ಪಕ್ಕದಲ್ಲಿದ್ದ ಹಿರಿಯರು ನನ್ನ ಕುರ್ಚಿಯ ಬೆನ್ನು ಹಿಡಿದು, ‘ಪರದೆ ನೋಡಬೇಡ, ಪಟ್ಟಿ ನೋಡು’ ಎಂದರು. ಐದಕ್ಕೂ ಐದು ಎತ್ತರ. ಎಲ್ಲಿದ್ದೀರಿ ಎಂದು ಒಬ್ಬೊಬ್ಬರನ್ನೇ ರೇಡಿಯೋದಲ್ಲಿ ಕೇಳಿದೆ. ಉತ್ತರ ಬಂತು, ಪರದೆಯೂ ಬಂತು. ಪೆನ್ನು ಹಿಡಿದಿದ್ದ ಬೆರಳು ಮಾತ್ರ ರಾತ್ರಿ ಊಟದವರೆಗೆ ಸೆಟೆದೇ ಇತ್ತು.

ನನ್ನ ಬಳಿ ರೇಡಿಯೋ ಇತ್ತು, ಫಿಲಡೆಲ್ಫಿಯಾದವರ ಬಳಿ ಅದೂ ಇರಲಿಲ್ಲ. ಅನಂತರ ಕೆಲವರು ಮಾನಸಿಕ ಆಘಾತದ ರಜೆ ಹಾಕಿದಾಗ ಇಲ್ಲಿ ನಕ್ಕವರನ್ನು ಕಂಡಿದ್ದೇನೆ. ನನಗೆ ನಗು ಬರಲಿಲ್ಲ.

ಹಾಗಾದರೆ ಡಿಕ್ಕಿ ಏಕೆ ಆಗಲಿಲ್ಲ ಎಂದು ಕೇಳಬಹುದು. ಮೊದಲೇ ಕೊಟ್ಟ ಎತ್ತರ ಮತ್ತು ದಿಕ್ಕನ್ನು ಪೈಲಟ್ ಪಾಲಿಸುತ್ತಲೇ ಇರುತ್ತಾನೆ. ಎರಡು ವಿಮಾನ ತೀರಾ ಹತ್ತಿರ ಬಂದರೆ ಒಳಗಿನ ಯಂತ್ರವೇ ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಎನ್ನುತ್ತದೆ. ಸಂಪರ್ಕ ಕಡಿದಾಗ ಏನು ಮಾಡಬೇಕೆಂದು ಲಿಖಿತ ನಿಯಮವಿದೆ. ಗೋಡೆ ಒಂದಲ್ಲ, ನಾಲ್ಕೈದು. ಅವತ್ತು ಒಂದು ಬಿತ್ತು.

ಮರುಪ್ರಶ್ನೆ (ವಾಶಿಯಿಂದ)

ನನಗೆ ಇದು ಬೇರೆಯೇ ಕಾಣುತ್ತದೆ. ಲಕ್ಷ ಡಾಲರ್‌ವರೆಗೆ ಕೊಡುತ್ತೇವೆಂದರೂ ವೆಸ್ಟ್‌ಬರಿಯ ಕೆಲವು ಕಂಟ್ರೋಲರ್‌ಗಳು ಫಿಲಡೆಲ್ಫಿಯಾಕ್ಕೆ ಹೊರಡಲು ಒಪ್ಪಲಿಲ್ಲವಂತೆ. ಬ್ಯಾಂಕಿನಲ್ಲಿ ನನಗೆ ಏಳು ವರ್ಗಾವಣೆ ಆಗಿದೆ, ಒಂದು ರೂಪಾಯಿ ಹೆಚ್ಚು ಕೊಟ್ಟವರಿಲ್ಲ. ಮನೆ ಬಿಡಲು ಇಷ್ಟವಿಲ್ಲದವರು ಸುರಕ್ಷತೆಯ ಹೆಸರು ಹೇಳುತ್ತಾರೆ, ಅಷ್ಟೆ.

ಉತ್ತರ

ಮನೆ ಬಿಡಲು ಇಷ್ಟವಿರಲಿಲ್ಲ, ಅದು ನಿಜ. ಅದರಲ್ಲಿ ತಪ್ಪೇನು? ಆದರೆ ನಿಮ್ಮ ಹೋಲಿಕೆ ಕೂಡಿ ಬರುವುದಿಲ್ಲ ರಾಯರೇ. ಹುಬ್ಬಳ್ಳಿಯ ಲೆಡ್ಜರು ವಾಶಿಯಲ್ಲೂ ಲೆಡ್ಜರೇ. ಕಂಟ್ರೋಲರ್‌ಗೆ ಸಿಗುವ ರೇಟಿಂಗ್, ಅಂದರೆ ಕೆಲಸ ಮಾಡುವ ಅರ್ಹತೆ, ಒಂದು ಜಾಗಕ್ಕೆ, ಒಂದು ಆಕಾಶಕ್ಕೆ ಮಾತ್ರ ಸಲ್ಲುತ್ತದೆ. ಇಪ್ಪತ್ತು ವರ್ಷ ಮುಂಬೈಯಲ್ಲಿ ಕುಳಿತವನೂ ಕೋಲ್ಕತ್ತಕ್ಕೆ ಹೋದರೆ ಮತ್ತೆ ಒಬ್ಬರ ಪಕ್ಕ ಕುಳಿತು ಕಲಿತು ಪರೀಕ್ಷೆ ಪಾಸಾಗಬೇಕು. ಯಾವ ಮೋಡ ಜೂನ್‌ನಲ್ಲಿ ಎಲ್ಲಿ ಕಟ್ಟುತ್ತದೆ, ಯಾವ ತಿರುವಿನಲ್ಲಿ ವಿಮಾನ ತಡವಾಗಿ ತಿರುಗುತ್ತದೆ, ಇದೆಲ್ಲ ಪುಸ್ತಕದಲ್ಲಿ ಇರುವುದಿಲ್ಲ. ನೆವಾರ್ಕ್ ಆಕಾಶ ಗೊತ್ತಿದ್ದವರನ್ನೇ ಎಫ್.ಎ.ಎ. ದುಡ್ಡು ಕೊಟ್ಟು, ಕೆಲವರನ್ನು ಒತ್ತಾಯದಿಂದ, ಒಯ್ದದ್ದು ಇದಕ್ಕೇ. ಅದನ್ನು ಸರಿಯಾಗಿಯೇ ಮಾಡಿದರು. ಆದರೆ ಜನ ಹೊರಡುವ ಮೊದಲು ಹೋಗಬೇಕಾದದ್ದು ಮಾಹಿತಿಯ ದಾರಿ. ಅದೂ ಒಂದಲ್ಲ, ಎರಡು ಮೂರು.

ದೂರದಿಂದ ನಿಯಂತ್ರಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಲಂಡನ್ ಸಿಟಿ ವಿಮಾನ ನಿಲ್ದಾಣದ ಗೋಪುರದ ಕೆಲಸ 2021ರಿಂದ ನೂರು ಕಿಲೋಮೀಟರಿಗೂ ದೂರದ ಸ್ವಾನ್‌ವಿಕ್‌ನಿಂದ ನಡೆಯುತ್ತಿದೆ, ಕ್ಯಾಮೆರಾಗಳ ಮೂಲಕ. ಆದರೆ ಅವರು ಮೂರು ಪ್ರತ್ಯೇಕ ಫೈಬರ್ ಜಾಲಗಳನ್ನು ಹಾಕಿ ಕೆಲಸ ಶುರುಮಾಡಿದರು. ಎಫ್.ಎ.ಎ. ಪರದೆ ಕಪ್ಪಾದ ಮೇಲೆ ಹೊಸ ಫೈಬರ್ ಎಳೆಯಲು ಹೊರಟಿತು.

ಮರುಪ್ರಶ್ನೆ (ಪುಣೆಯಿಂದ)

2025ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಆದದ್ದೂ ಇದೇ ಅಲ್ಲವೇ? ನಮ್ಮ ಲೋಹೆಗಾಂವ್‌ಗೂ ಬಂದರೆ?

ಉತ್ತರ

ಅಲ್ಲ. ದೆಹಲಿಯಲ್ಲಿ ಕೆಟ್ಟದ್ದು ವಿಮಾನಗಳ ಪ್ರಯಾಣ ಯೋಜನೆಯ ಸಂದೇಶಗಳನ್ನು ಹಂಚುವ ಗಣಕ ವ್ಯವಸ್ಥೆ, ರಾಡಾರ್ ಅಲ್ಲ. ನಮ್ಮವರು ಕೈಯಲ್ಲೇ ಒಂದೊಂದಾಗಿ ತುಂಬಿದರು, 800ಕ್ಕೂ ಹೆಚ್ಚು ವಿಮಾನಗಳು ತಡವಾದವು. ಲೋಹೆಗಾಂವ್‌ನಲ್ಲಿ ನಿಯಂತ್ರಣ ವಾಯುಪಡೆಯದು, ಗೋವಾದ ದಾಬೋಲಿಂನಲ್ಲಿ ನೌಕಾಪಡೆಯದು. ಅವರ ಮನೆಯ ವಿಷಯ ನಾನು ಹೇಳಲಾರೆ.

ಮರುಪ್ರಶ್ನೆ (ಕಾಲಿನಾದಿಂದ)

ಸರ್, ನಮ್ಮ ಯಜಮಾನರು ಇಲ್ಲೇ ಮುಂಬೈ ಏರಿಯಾ ಕಂಟ್ರೋಲ್‌ನಲ್ಲಿದ್ದಾರೆ, ಊರಿಂದ ಊರಿಗೆ ಎತ್ತರದಲ್ಲಿ ಸಾಗುವ ವಿಮಾನಗಳನ್ನು ನೋಡುವ ವಿಭಾಗ. ದೇಶದ ಆಕಾಶವನ್ನೆಲ್ಲ ನಾಗಪುರದಿಂದ ನಿಯಂತ್ರಿಸುವ ಯೋಜನೆ ಇದೆ ಎನ್ನುತ್ತಾರೆ. ಮಗ ಒಂಬತ್ತನೆಯ ತರಗತಿ. ನಮ್ಮ ಕಥೆಯೂ ಫಿಲಡೆಲ್ಫಿಯಾ ಆಗುತ್ತದೆಯೇ?

ಉತ್ತರ

ತಂಗಿ, ಯೋಜನೆ ಇರುವುದು ಹೌದು. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ ಎಂಬ ನಾಲ್ಕು ವಲಯಗಳನ್ನೂ ಗುವಾಹಟಿಯ ಉಪವಲಯವನ್ನೂ ಒಂದಾಗಿಸಿ ನಾಗಪುರದಿಂದ ನೋಡಿಕೊಳ್ಳುವ ಆಲೋಚನೆಗೆ ‘ಈಶಾನ್’ ಎಂದು ಹೆಸರಿಟ್ಟು, ವಿವರವಾದ ಯೋಜನಾ ವರದಿ ತಯಾರಿಸುವ ಆಸಕ್ತರನ್ನು ವಿಮಾನ ನಿಲ್ದಾಣ ಪ್ರಾಧಿಕಾರ 2024ರಲ್ಲಿ ಕರೆದಿತ್ತು. ವರದಿಗೆ ಆಸಕ್ತರನ್ನು ಕರೆಯುವುದಕ್ಕೂ ನಿಮ್ಮ ಸಾಮಾನು ಲಾರಿಗೆ ಏರುವುದಕ್ಕೂ ನಡುವೆ ಎಷ್ಟು ಕಡತಗಳು ಎಂದು ನಿಮ್ಮ ಯಜಮಾನರಿಗೆ ನನಗಿಂತ ಚೆನ್ನಾಗಿ ಗೊತ್ತು. ಮಗನ ಹತ್ತನೆಯ ತರಗತಿಯ ಪರೀಕ್ಷೆ ಕಾಲಿನಾದಲ್ಲೇ ಮುಗಿಯುತ್ತದೆ ಎಂದು ನನ್ನ ಅಂದಾಜು.

ಆಲೋಚನೆ ಕೆಟ್ಟದ್ದೂ ಅಲ್ಲ. ಒಂದೇ ವಿಮಾನ ಚೆನ್ನೈಯಿಂದ ದೆಹಲಿ ತಲುಪುವಷ್ಟರಲ್ಲಿ ಎಷ್ಟೋ ಕೈ ಬದಲಾಗುತ್ತದೆ. ಪ್ರತಿ ಗಡಿಯಲ್ಲೂ ಒಂದು ಫೋನು, ಒಂದು ಕಾಯುವಿಕೆ. ಅದು ತಪ್ಪಿದರೆ ಇಂಧನವೂ ಉಳಿಯುತ್ತದೆ. ನನ್ನ ತಕರಾರು ಒಂದೇ ಛಾವಣಿಯ ಬಗ್ಗೆ. 2014ರ ಸೆಪ್ಟೆಂಬರ್ 26ರಂದು ಶಿಕಾಗೋ ಹತ್ತಿರದ ಅರೋರಾ ವಿಮಾನ ನಿಯಂತ್ರಣ ಕೇಂದ್ರದಲ್ಲಿ ಗುತ್ತಿಗೆ ನೌಕರನೊಬ್ಬ ಸಂಪರ್ಕ ಕೋಣೆಗೆ ಬೆಂಕಿ ಇಟ್ಟ. ಆ ಒಂದೇ ದಿನ ಸುಮಾರು ಎರಡು ಸಾವಿರ ವಿಮಾನಗಳು ರದ್ದಾದವು, ಕೇಂದ್ರ ಪೂರ್ತಿ ಸರಿಹೋದದ್ದು ಅಕ್ಟೋಬರ್ 13ಕ್ಕೆ. ಅಷ್ಟು ದಿನ ಆ ಆಕಾಶವನ್ನು ಹಿಡಿದು ನಿಲ್ಲಿಸಿದ್ದು ಅಕ್ಕಪಕ್ಕದ ಕೇಂದ್ರಗಳು. ಅರೋರಾದ ಕಂಟ್ರೋಲರ್‌ಗಳೇ ಅಲ್ಲಿಗೆ ಹೋಗಿ ಕುಳಿತರು. ಅಕ್ಕಪಕ್ಕ ಎನ್ನುವುದೇ ಇಲ್ಲದಿದ್ದರೆ ಎಲ್ಲಿ ಕುಳಿತುಕೊಳ್ಳುತ್ತಿದ್ದರು?

ಯಜಮಾನರು ಸಭೆಗೆ ಹೋದರೆ ಕೇಳಬೇಕಾದದ್ದು ಕ್ವಾರ್ಟರ್ಸ್ ಎಲ್ಲಿ ಎಂದಲ್ಲ, ಅದು ಎರಡನೆಯದು. ನಾಗಪುರಕ್ಕೆ ಎಷ್ಟು ದಾರಿಯಿಂದ ಮಾಹಿತಿ ಬರುತ್ತದೆ, ಅವುಗಳಲ್ಲಿ ಎರಡು ಒಂದೇ ಚರಂಡಿಯ ಪಕ್ಕ ಹೂತಿವೆಯೇ, ಹಳೆಯ ಕೋಣೆ ಕೆಲಸ ನಡೆಸುತ್ತಿರುವಾಗ ಹೊಸ ಕೋಣೆ ಅದೇ ವಿಮಾನಗಳನ್ನು ಎಷ್ಟು ತಿಂಗಳು ಸುಮ್ಮನೆ ನೋಡುತ್ತಾ ಅಭ್ಯಾಸ ಮಾಡುತ್ತದೆ, ಮತ್ತು ಮುಂಬೈಯ ಕೋಣೆಗೆ ಬೀಗ ಹಾಕುತ್ತಾರೋ ಅಥವಾ ದೀಪ ಹಚ್ಚಿಯೇ ಇಡುತ್ತಾರೋ. ಇವನ್ನು ಕೇಳಲಿ.

ಮಾಟುಂಗದಿಂದ ಮತ್ತೆ

ಎಲ್ಲ ಓದಿದೆ. ಅರ್ಧ ಅರ್ಥವಾಯಿತು. ಜೆ.ಎಫ್.ಕೆ. ಬೇಡವೇ ಹಾಗಾದರೆ?

ಉತ್ತರ

ಬೇಡ ಅಕ್ಕ. ಜೆ.ಎಫ್.ಕೆ.ಯನ್ನು ನೋಡುವುದು ಜನ ಸಾಲದ ಅದೇ ವೆಸ್ಟ್‌ಬರಿ ಕಟ್ಟಡ. ಅಲ್ಲಿಂದ ಎಡಿಸನ್‌ಗೆ ಇಡೀ ನ್ಯೂಯಾರ್ಕ್ ದಾಟಿ ಹೋಗಬೇಕು. ನೆವಾರ್ಕ್‌ನಲ್ಲಿ ಆ ಗಲಾಟೆಯ ನಂತರ ವಿಮಾನಗಳ ಸಂಖ್ಯೆಗೇ ಮಿತಿ ಹಾಕಿದರು: ಮೊದಲು ಗಂಟೆಗೆ 28 ಇಳಿಯಬೇಕು, 28 ಏರಬೇಕು, ರನ್‌ವೇ ದುರಸ್ತಿ ಮುಗಿದ ಮೇಲೆ 34 ಮತ್ತು 34. ಕೈಯಲ್ಲಿ ಹಿಡಿಸುವಷ್ಟೇ ತೆಗೆದುಕೊಳ್ಳುವವರನ್ನು ನಾನು ನಂಬುತ್ತೇನೆ. ತಡವಾದೀತು. ಕೈಚೀಲದಲ್ಲಿ ಎರಡು ಚಪಾತಿ ಇರಲಿ. ಬಾಣಂತಿಗೆ ಒಯ್ಯುವ ಅಂಟಿನುಂಡೆಯ ಡಬ್ಬಿಯ ವಿಷಯ ಕಸ್ಟಮ್ಸ್‌ನವರಿಗೆ ತಪ್ಪದೆ ತಿಳಿಸಿ. ಅಲ್ಲಿ ತೊಂದರೆ ಕೊಡುವವರು ಕಂಟ್ರೋಲರ್‌ಗಳಲ್ಲ.